ಕಿತ್ತ ಕೇಬಲ್

ತಮ್ಮನ ಬೆರಳಿಗೆ ಸಿಕ್ಕಿಸಿದ್ದ ನಾಡಿ ಅಳೆಯುವ ಕ್ಲಿಪ್ಪಿನ ಕೇಬಲ್ಲನ್ನು ಅಕ್ಕ ಕೊನೆಯ ಪರೀಕ್ಷೆಗೆಂದು ಯಂತ್ರದಿಂದ ಸರಕ್ಕನೆ ಕಿತ್ತಳು. ಯಂತ್ರವನ್ನು ಆಸ್ಪತ್ರೆಗೆ ಒಯ್ಯಲು ಬಂದಿದ್ದ ವ್ಯಾನು ಬಾಗಿಲಲ್ಲೇ ನಿಂತಿತ್ತು. ಇಬ್ಬರೂ ಉಸಿರು ಬಿಗಿಹಿಡಿದು ಪರದೆ ನೋಡಿದರು. ನಾಡಿ ಎಪ್ಪತ್ತೆರಡು ಎಂದು ಹಸಿರು ಅಂಕಿ ಹಾಗೇ ಇತ್ತು.

“ನೋಡಿದ್ಯಾ ಅಕ್ಕಾ? ಕಿತ್ರೂ ಏನೂ ಆಗ್ಲಿಲ್ಲ!” ಕ್ಲಿಪ್ಪಿಗೂ ಯಂತ್ರಕ್ಕೂ ಮಾತು ಬೆಸೆಯುವ ಡ್ರೈವರ್ ಪ್ರೋಗ್ರಾಮನ್ನು ನಿದ್ದೆಗೆಟ್ಟು ಬರೆದಿದ್ದವನು ಅವನೇ.

ಅಕ್ಕ ನಗಲಿಲ್ಲ. ಕಿತ್ತ ತುದಿಯನ್ನು ಅವನ ಕಣ್ಣೆದುರು ಹಿಡಿದಳು. “ಹಾಗಾದ್ರೆ ಈ ಎಪ್ಪತ್ತೆರಡು ಯಾರದ್ದೋ?”

ಅವನ ಮುಖ ಕಪ್ಪಿಟ್ಟಿತು. ಗುಂಡಿಗಳನ್ನೆಲ್ಲ ಒತ್ತಿದ, ಯಂತ್ರ ಮಿಸುಕಲಿಲ್ಲ. ಕೇಬಲ್ ಕಿತ್ತ ಕ್ಷಣವೇ ಅವನ ಡ್ರೈವರ್ ಕ್ಲಿಪ್ಪಿನ ವಿವರವನ್ನೆಲ್ಲ ಮೆಮೊರಿಯಿಂದ ಅಳಿಸಿಬಿಟ್ಟಿತ್ತು. ಪರದೆಯ ಪ್ರೋಗ್ರಾಮ್ ಮಾತ್ರ ಇನ್ನೂ ಅದನ್ನೇ ಓದುತ್ತಿತ್ತು. ಇಲ್ಲದ್ದನ್ನು ಓದಲು ಹೋಗಿ ಇಡೀ ಯಂತ್ರ ಕಲ್ಲಾಗಿತ್ತು, ಕೊನೆಯ ಅಂಕಿಯನ್ನು ತೋರಿಸುತ್ತಾ.

“ಓದ್ತಿರೋ ಪ್ರೋಗ್ರಾಮೆಲ್ಲ ಕೈಬಿಡೋ ತನಕ ವಿವರ ಅಳಿಸ್ಬಾರ್ದಿತ್ತು,” ಎಂದ. “ಇನ್ನೂ ಯಾವುದಾದ್ರೂ ಹಿಡ್ಕೊಂಡಿದ್ಯಾ ಅಂತ ನಾನು ನೋಡ್ಲೇ ಇಲ್ಲ.”

“ಪೇಷೆಂಟ್ ಉಸಿರು ನಿಂತಿದ್ರೂ ನರ್ಸ್ ಇದನ್ನೇ ನಂಬ್ಕೊಂಡು ಕೂತಿರ್ತಿದ್ಲು,” ಎಂದಳು ಅಕ್ಕ ಮೆಲ್ಲಗೆ.

ಹೊರಗೆ ವ್ಯಾನಿನವನು ಹಾರ್ನ್ ಒತ್ತಿದ. ತಮ್ಮ ಬೆರಳಿನ ಕ್ಲಿಪ್ಪನ್ನೂ ತೆಗೆಯದೆ, ಕೇಬಲ್ಲನ್ನು ನೆಲದ ಮೇಲೆ ಎಳೆದುಕೊಂಡೇ ಬಾಗಿಲಿಗೆ ಓಡಿದ.

“ಖಾಲಿ ಗಾಡೀಲೇ ಹೋಗ್ಬಿಡಪ್ಪಾ, ಇವತ್ತು ಕೊಡಲ್ಲ!”