ಸಿಹಿಯ ಪರೀಕ್ಷೆ

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ರಾಜಮ್ಮಣ್ಣಿಯವರು ಪರವಾನಗಿ ಕೇಳಲು ಆಹಾರ ಅಧಿಕಾರಿಯ ಕಚೇರಿಗೆ ಹೋದರು. ಸಕ್ಕರೆ ಕಾಯಿಲೆಯವರಿಗೆಂದೇ ಸಕ್ಕರೆ ಹಾಕದ ಮಿಠಾಯಿ ಮಾರುವ ಅವರ ಅಂಗಡಿ ಶುಕ್ರವಾರ ಆರಂಭವಾಗಬೇಕಿತ್ತು. ಪರವಾನಗಿಯಿಲ್ಲದೆ ಬಾಗಿಲು ತೆರೆಯುವಂತಿರಲಿಲ್ಲ.

“ಕಾಗದಪತ್ರ ಎಲ್ಲಾ ಸರಿಯಾಗಿದೆಯಮ್ಮ. ಸ್ವಲ್ಪ ಬಾಯಿ ಸಿಹಿ ಮಾಡಿದ್ರೆ ಸೈನ್ ಹಾಕ್ಬಿಡ್ತೀನಿ,” ಎಂದರು ಅಧಿಕಾರಿ.

ಮಂಗಳವಾರ ರಾಜಮ್ಮಣ್ಣಿ ಒಂದು ಡಬ್ಬಿ ಪೇಡ ಒಯ್ದರು. ಅಧಿಕಾರಿ ಒಂದನ್ನು ಬಾಯಿಗಿಟ್ಟು ಮುಖ ಕಿವಿಚಿದರು.

“ಇದ್ರಲ್ಲಿ ಸಿಹೀನೇ ಇಲ್ವಲ್ಲಮ್ಮ!”

“ಸಿಹಿ ಇದೆ ಸ್ವಾಮಿ, ಸಕ್ಕರೆ ಇಲ್ಲ ಅಷ್ಟೆ.”

“ನಾನು ಹೇಳಿದ ಸಿಹಿ ನಾಲಿಗೆಗಲ್ಲ, ಜೇಬಿಗೆ. ಇನ್ನೂ ಎಷ್ಟು ಬಿಡಿಸಿ ಹೇಳ್ಲಿ?”

ಬುಧವಾರ ಅವರು ಮತ್ತೊಂದು ಡಬ್ಬಿ ತಂದರು. ಈ ಸಲ ಪೇಡದ ಕೆಳಗೆ, ಹಾಸಿದ ಕಾಗದದ ಅಡಿಯಲ್ಲಿ, ಐನೂರರ ಹತ್ತು ನೋಟುಗಳಿದ್ದವು. ಆದರೆ ಮುಚ್ಚಳ ತೆಗೆದೊಡನೆ ಪೇಡವನ್ನಷ್ಟೇ ಕಂಡ ಅಧಿಕಾರಿ ಕೆರಳಿ ಕೆಂಡವಾದರು.

“ಮತ್ತೆ ಅದೇ ಪೇಡಾನಾ? ಸಿಹಿ ಇದ್ಯೋ ಇಲ್ವೋ ಪ್ರಯೋಗಾಲಯದೋರೇ ಹೇಳ್ಲಿ!”

“ಅಯ್ಯೋ, ಸ್ವಲ್ಪ ತಳ ನೋಡಿ ಸ್ವಾಮಿ!”

“ತಳ, ಬುಡ ಎಲ್ಲಾ ಅಲ್ಲೇ ನೋಡ್ತಾರೆ ಬಿಡಿ,” ಎಂದು ಅಧಿಕಾರಿ ಡಬ್ಬಿಗೆ ಅರಗಿನ ಮುದ್ರೆ ಒತ್ತಿಯೇಬಿಟ್ಟರು.

ಗುರುವಾರ ಸಂಜೆ ನಾಲ್ಕಕ್ಕೆ ವರದಿ ಬಂದಿತು. ಅಧಿಕಾರಿ ಅದನ್ನು ಎರಡು ಸಲ ಓದಿ, ಪರವಾನಗಿಗೆ ಸಹಿ ಹಾಕಿ, ಎರಡನ್ನೂ ರಾಜಮ್ಮಣ್ಣಿಯವರ ಕೈಗಿತ್ತರು. ವರದಿಯಲ್ಲಿ ಹೀಗಿತ್ತು:

“ಸಿಹಿಕಾರಕವು ಡಬ್ಬಿಯ ತಳದಲ್ಲಿ ಪತ್ತೆಯಾಗಿದೆ. ಗುಣಮಟ್ಟ ಅತ್ಯುತ್ತಮವಾಗಿರುವುದರಿಂದ ಪೇಡವನ್ನು ಪರೀಕ್ಷಿಸುವ ಅಗತ್ಯ ಬೀಳಲಿಲ್ಲ. ಪರವಾನಗಿಗೆ ಅಡ್ಡಿಯಿಲ್ಲ. ಸಿಹಿಕಾರಕವು ಪರೀಕ್ಷೆಯಲ್ಲೇ ಪೂರ್ತಿ ಖರ್ಚಾಗಿದೆ.”