ಬೆಚ್ಚನೆಯ ಕೈಗವಸು

ಸುರಿಯುವ ಮಳೆಯೊಳಗಿಂದ ನೀಲಿ ಕಾರೊಂದು, ರೇಸಿನ ನಡುವೆ ಪೆಟ್ರೋಲು ತುಂಬಿಸಿಕೊಳ್ಳುವ ಜಾಗಕ್ಕೆ ಬಂದು ಎದುರಿಗೆ ನಿಂತಾಗ, ಕೋಟಿನೊಳಗೆ ಬೆಚ್ಚಗಿಟ್ಟುಕೊಂಡಿದ್ದ ಒಣ ಕೈಗವಸು ಹಿಡಿದು ಒಡೆಟ್ ಓಡಿದಳು. ಗಂಡ ಲುಸಿಯೆನ್‌ನ ಕಾರು ಮರಕ್ಕೆ ಬಡಿಯಿತು, ಅವನು ಉಳಿಯಲಿಲ್ಲ ಎಂದು ಮೆಕ್ಯಾನಿಕ್ ಹತ್ತು ನಿಮಿಷದ ಹಿಂದೆಯೇ ಹೇಳಿದ್ದ. ಅವಳು ನಂಬಿರಲಿಲ್ಲ.

ಡ್ರೈವರ್ ಕನ್ನಡಕ ಮೇಲೆತ್ತಿದ. ಲುಸಿಯೆನ್ ಅಲ್ಲ, ಅವನ ಗೆಳೆಯ ರೆಮಿ. 1937ರ ಆ ರೇಸಿನಲ್ಲಿ ಲುಸಿಯೆನ್‌ನದೂ ಸೇರಿ ಫ್ರಾನ್ಸಿನವರ ಕಾರುಗಳೆಲ್ಲ ನೀಲಿಯೇ ಇದ್ದವು.

"ತಪ್ಪಾಯ್ತು ಅತ್ತಿಗೆ, ನಾನು ನಿಲ್ಲಿಸಬೇಕಾದ ಜಾಗ ಮುಂದಿಂದು. ಮಳೇಲಿ ಏನೂ ಕಾಣಲ್ಲ," ಅಂದ. ಅವನಿಗಿನ್ನೂ ಸುದ್ದಿ ಮುಟ್ಟಿರಲಿಲ್ಲ. "ಲುಸಿಯೆನ್ ಇನ್ನೂ ಹಿಂದೇನಾ? ವಯಸ್ಸಾಯ್ತು ಬಿಡಿ ಅವನಿಗೆ."

ಒಡೆಟ್ ಅವನ ತೊಯ್ದ ಕೈಗವಸು ಎಳೆದು ತೆಗೆದು, ತನ್ನಲ್ಲಿದ್ದ ಒಣ ಜೋಡಿಯನ್ನು ಅವನ ಮರಗಟ್ಟಿದ ಬೆರಳುಗಳಿಗೆ ನಿಧಾನವಾಗಿ ತೊಡಿಸಿದಳು.

"ಎಷ್ಟು ಬೆಚ್ಚಗಿದೆ," ಎಂದು ರೆಮಿ ನಕ್ಕ. "ಮತ್ತೆ ಅವನಿಗೆ?"

"ಅವ್ರಿಗೆ ಇನ್ನು ಬೇಡ," ಎಂದಳು ಒಡೆಟ್.