ತೊಟ್ಟಿಯ ಪಕ್ಕದ ಕುರ್ಚಿ

ಬಂದ ಗಂಡಿನ ಕಡೆಯವರೆಲ್ಲ ಮಗಳನ್ನು ನೋಡಿ, ಬೋಂಡ ತಿಂದು ಹೋದವರು ಮತ್ತೆ ಸುದ್ದಿ ಕಳಿಸಿರಲಿಲ್ಲ. ಈ ಸಲವೂ ಹಾಗಾಗಬಾರದೆಂದು ಪುಟ್ಟಗೌರಮ್ಮ ಅಕ್ವೇರಿಯಂ ಅಂಗಡಿಗೆ ಹೋದರು.

"ಚಿಕ್ಕ ಮೀನಿನ ತೊಟ್ಟಿ ಒಂದು ಬೇಕಪ್ಪ. ಲೈಟು ಮಾತ್ರ ಚೆನ್ನಾಗಿರ್ಬೇಕು."

"ಸಿಹಿನೀರಿಂದೋ, ಉಪ್ಪುನೀರಿಂದೋ, ಅಮ್ಮಾ?"

"ಎಣ್ಣೆಗೆಂಪು."

"ನಾನು ಕೇಳಿದ್ದು ನೀರು."

"ನೀರು ಯಾವ್ದಾದ್ರೂ ಹಾಕಪ್ಪ. ಪಕ್ಕದಲ್ಲಿ ಕೂರೋ ಹುಡುಗಿ ಎಣ್ಣೆಗೆಂಪು."

ಅಂಗಡಿಯವನು ನಗಲಿಲ್ಲ. ನೀಲಿ ಲೈಟು ಹಾಕಿ ತೋರಿಸಿದ. "ಇದು ಉಪ್ಪುನೀರಿಗೆ. ಹವಳ ಮಿನುಗುತ್ತೆ. ಪಕ್ಕದಲ್ಲಿ ಕೂತೋರ ಬಿಳಿ ಅಂಗಿ, ಹಲ್ಲು ಎಲ್ಲಾ ಮಿನುಗುತ್ತೆ. ಈಗ ಇದಕ್ಕೇ ಗಿರಾಕಿ ಜಾಸ್ತಿ."

"ಅವಳೇನು ಬಿಳಿ ಅಂಗಿ ಹಾಕ್ತಾಳಾ? ಬೇರೆ ತೋರ್ಸು."

ಸಿಹಿನೀರಿನ ಗಿಡಗಳಿಗೆಂದೇ ಮಾಡಿದ ನಸುಗುಲಾಬಿ ಲೈಟಿನ ಕೆಳಗೆ ಪುಟ್ಟಗೌರಮ್ಮ ತಮ್ಮ ಕೈಯನ್ನೇ ಹಿಡಿದು ನೋಡಿಕೊಂಡರು. ಕೈ ಮದುವಣಗಿತ್ತಿಯದಾಗಿತ್ತು.

"ಇದೇ ಕಟ್ಟು."

"ಬಿಸಿಲಿಗೆ ತಂದ್ರೆ ಮೀನು ಮೊದಲಿನ ಬಣ್ಣಾನೇ, ಅಮ್ಮಾ."

"ಅವರು ಬರೋದು ಸಂಜೆ ಮೇಲೆ."

ಭಾನುವಾರ ಹೊತ್ತು ಮುಳುಗಿದ ಮೇಲೆ ನಡುಮನೆಯ ದೀಪಗಳನ್ನೆಲ್ಲ ಆರಿಸಿ, ತೊಟ್ಟಿಯ ಪಕ್ಕದ ಕುರ್ಚಿಯಲ್ಲಿ ಮಗಳನ್ನು ಕೂರಿಸಿದರು. ಕೆನ್ನೆ ಗುಲಾಬಿಯಾಗಿ ಅರಳಿತು. ಗಂಡಿನ ಕಡೆಯವರು ಬಂದರು. ಬಿಳಿ ಅಂಗಿ ತೊಟ್ಟ ಹುಡುಗ ಎದುರಿನ ಕುರ್ಚಿಯಲ್ಲಿ ಕೂತ. ಅವನ ತಾಯಿ ಎದೆಗವಚಿಕೊಂಡು ತಂದಿದ್ದ ಗಾಜಿನ ತೊಟ್ಟಿಯನ್ನು ಮಗನ ಪಕ್ಕದಲ್ಲಿ ಮೆಲ್ಲಗೆ ಇಳಿಸಿ, ಸೆರಗಿನಿಂದ ಒರೆಸಿ, ಸುತ್ತ ನೋಡಿದರು.

"ಪ್ಲಗ್ಗು ಎಲ್ಲಿದೆ, ಬೀಗರೇ?"